ಎಲ್ ಆಕಾರದ ಮನೆಗೆ ಹೆಂಚಿನ ಮಾಡು, ಮುಂಬಾಗಿಲಿಗೆ ಪೋರ್ಚ್: ಸ್ಕೆಚ್‌ಅಪ್‌ನಲ್ಲಿ ನಾನು ಮಾಡುವ ಕ್ರಮ

ಮಲೆನಾಡಿನಲ್ಲಿ ಮನೆಯ ನಕ್ಷೆ ಬರೆಯುವವರು ಸಾಮಾನ್ಯವಾಗಿ ಮುಂಬಾಗಿಲನ್ನು ಮೊದಲು ಇಟ್ಟು, ಮಾಡನ್ನು ಕೊನೆಗೆ ಹೊಂದಿಸುತ್ತಾರೆ. ನಾನು ಇದನ್ನು ತಿರುಗಿಸಿ ಮಾಡುತ್ತೇನೆ. ಮಾಡಿನ ನೀರು ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗದೆ ಬಾಗಿಲಿನ ಜಾಗ ನಿರ್ಧರಿಸುವುದರಲ್ಲಿ ಅರ್ಥವಿಲ್ಲ. ಮನೆಯ ಮೂರು ಆಯಾಮದ ಮಾದರಿ ಬರೆಯುವ ಸ್ಕೆಚ್‌ಅಪ್ ತಂತ್ರಾಂಶ ಇಳಿಜಾರು ಕೂಡುವ ಗೆರೆಗಳನ್ನು ಕರಾರುವಾಕ್ಕಾಗಿ ಕೊಡುತ್ತದೆ, ಆದರೆ ಮಳೆಯ ಲೆಕ್ಕ ನಾವೇ ಹಾಕಬೇಕು.

ಉದಾಹರಣೆಗೆ ಈ ಅಳತೆ ಇಟ್ಟುಕೊಳ್ಳಿ. ಮುಖ್ಯ ಭಾಗ 40 ಅಡಿ ಉದ್ದ, 26 ಅಡಿ ಅಗಲ. ಬಲತುದಿಯಿಂದ ಮುಂದಕ್ಕೆ ಚಾಚಿದ ರೆಕ್ಕೆ 20 ಅಡಿ ಅಗಲ, 16 ಅಡಿ ಉದ್ದ. ಗೋಡೆಯಿಂದ ಸೂರು ಸುತ್ತಲೂ 3 ಅಡಿ ಹೊರಗೆ. ಇಳಿಜಾರು ಎಲ್ಲ ಕಡೆ 30 ಡಿಗ್ರಿ. ಮಂಗಳೂರು ಹೆಂಚಿಗೆ ನಮ್ಮ ಮಳೆಯಲ್ಲಿ ಇದಕ್ಕಿಂತ ಕಡಿಮೆ ಇಡಲು ನಾನು ಒಪ್ಪುವುದಿಲ್ಲ. ಕಾರಣ ಮಾಡಿನ ಮೈಯಲ್ಲಿಲ್ಲ, ವ್ಯಾಲಿಯಲ್ಲಿದೆ. ಎರಡು ಇಳಿಜಾರು ಒಳಮೂಲೆಯಲ್ಲಿ ಕೂಡುವ ಆ ಗೆರೆ ಕರ್ಣದಲ್ಲಿ ಸಾಗುವುದರಿಂದ, ಮಾಡು 30 ಡಿಗ್ರಿ ಇದ್ದರೆ ವ್ಯಾಲಿಗೆ ಸಿಗುವುದು 22 ಡಿಗ್ರಿ ಮಾತ್ರ. ಮಾಡನ್ನು 25ಕ್ಕೆ ಇಳಿಸಿದರೆ ವ್ಯಾಲಿ 18ಕ್ಕೆ ಬರುತ್ತದೆ. ಅಷ್ಟರಲ್ಲಿ ನೀರು ನಿಧಾನವಾಗಿ, ಎಲೆ-ಕಸ ಹಿಡಿದುಕೊಂಡು, ಪಕ್ಕದ ಹೆಂಚಿನಡಿಗೆ ನುಗ್ಗುತ್ತದೆ.

ಸ್ಕೆಚ್‌ಅಪ್‌ನಲ್ಲಿ ಗೋಡೆಯ ಹೊರಗೆರೆ ಬರೆದು, ಆಫ್‌ಸೆಟ್‌ನಿಂದ 3 ಅಡಿ ಹೊರಗೆ ತಂದರೆ ಸೂರಿನ ಗೆರೆ ಸಿಗುತ್ತದೆ. ಅದರ ಹಿಂಬದಿಯ ಉದ್ದ ಬದಿಯ ಮಧ್ಯದಲ್ಲಿ ಲಂಬವಾಗಿ ನಿಂತ ಒಂದು ತ್ರಿಕೋನ ಬರೆಯಬೇಕು: ತಳ ಒಳಮುಖವಾಗಿ 16 ಅಡಿ, ಅಂದರೆ 26ರ ಅರ್ಧ ಮತ್ತು ಸೂರಿನ 3 ಸೇರಿ. ಎತ್ತರ 9 ಅಡಿ 3 ಇಂಚಿಗೆ ಕೂದಲೆಳೆ ಕಡಿಮೆ. ಇಂಚಿನ ಲೆಕ್ಕ ಟೈಪ್ ಮಾಡುವ ಬದಲು ಪ್ರೊಟ್ರ್ಯಾಕ್ಟರ್‌ನಲ್ಲಿ 30 ಕೊಟ್ಟು ಗೆರೆ ಎಳೆಯುವುದೇ ಸರಿ, ಕೂದಲೆಳೆಯ ವ್ಯತ್ಯಾಸವೂ ಮುಂದೆ ಕಾಡುತ್ತದೆ. ಆಮೇಲೆ ಸೂರಿನ ಮುಖವನ್ನು ಆಯ್ದು, ಆಕಾರವನ್ನು ಗೆರೆಯುದ್ದಕ್ಕೂ ಎಳೆಯುವ ಫಾಲೋ ಮಿ ಸಾಧನ ತೆಗೆದುಕೊಂಡು, ತ್ರಿಕೋನದ ಮೇಲೆ ಕ್ಲಿಕ್ ಮಾಡಿದರೆ ಇಳಿಜಾರು ಎಲ್ ಸುತ್ತ ಹರಿದು ನಿಲ್ಲುತ್ತದೆ. ರೆಕ್ಕೆ ಕಿರಿದಾದ್ದರಿಂದ ಅಲ್ಲಿ ಎರಡು ಬದಿಯ ಮೈಗಳು ಒಂದನ್ನೊಂದು ದಾಟಿರುತ್ತವೆ. ಎಲ್ಲವನ್ನೂ ಆಯ್ದು ಬಲ ಕ್ಲಿಕ್‌ನಲ್ಲಿ ಇಂಟರ್‌ಸೆಕ್ಟ್ ಫೇಸಸ್ ಕೊಟ್ಟರೆ ಛೇದಿಸುವ ಕಡೆ ಗೆರೆ ಬೀಳುತ್ತದೆ. ಮೇಲೆ ಚಾಚಿದ್ದನ್ನೂ ಒಳಗೆ ಉಳಿದ ತುಂಡುಗಳನ್ನೂ ಅಳಿಸಬೇಕು. ಒಳಗಿನವು ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಎಕ್ಸ್‌-ರೇ ಹಾಕಿಕೊಳ್ಳಿ.

ಇಲ್ಲಿ ಒಂದು ಜಾಗವನ್ನು ಹತ್ತಿರದಿಂದ ನೋಡಬೇಕು. ರೆಕ್ಕೆಯ ರಿಡ್ಜ್, ಅಂದರೆ ಮಾಡಿನ ನೆತ್ತಿಯ ಗೆರೆ, ಮುಖ್ಯ ರಿಡ್ಜ್‌ಗಿಂತ 1 ಅಡಿ 9 ಇಂಚು ಕೆಳಗಿದೆ. ಅದು ಕೊನೆಯಾಗುವ ಬಿಂದುವಿನಿಂದ ಮುಖ್ಯ ರಿಡ್ಜ್‌ನ ತುದಿಗೆ ಒಂದು ಪುಟ್ಟ ಹಿಪ್ (ಎರಡು ಇಳಿಜಾರು ಹೊರಮೂಲೆಯಲ್ಲಿ ಕೂಡುವ ಏಣು) ಏರುತ್ತದೆ, ಉದ್ದ 4 ಅಡಿ 7 ಇಂಚು. ಕೈಯಲ್ಲಿ ಬರೆದ ನಕ್ಷೆಗಳಲ್ಲಿ ಬಿಟ್ಟುಹೋಗುವುದು ಇದೇ. ಕಾಗದದಲ್ಲಿ ಎರಡೂ ರಿಡ್ಜ್‌ಗಳನ್ನು ಒಂದೇ ಬಿಂದುವಿಗೆ ಸೇರಿಸಿಬಿಟ್ಟರೆ, ಬಡಗಿ ಜಂತಿ ಏರಿಸಿದ ಮೇಲೆ ಯಾವುದೋ ಒಂದು ಇಳಿಜಾರನ್ನು ತಿರುಚಬೇಕಾಗುತ್ತದೆ. ತಿರುಚಿದ ಮೈಮೇಲೆ ಹೆಂಚು ಒಂದಕ್ಕೊಂದು ಕಚ್ಚಿ ಕೂರುವುದಿಲ್ಲ.

ಈಗ ನೀರು. ಎಲ್‌ನ ಒಳಮೂಲೆ ನೋಡಲು ಮುಂಬಾಗಿಲಿಗೆ ಹೇಳಿ ಮಾಡಿಸಿದ ಜಾಗ, ಎರಡು ಕಡೆ ಗೋಡೆಯ ಆಸರೆ ಇದೆ. ಆದರೆ ವ್ಯಾಲಿ ಬಂದು ಇಳಿಯುವುದೂ ಅಲ್ಲಿಗೇ. ರೆಕ್ಕೆಯ ಒಳಬದಿಯಿಂದಲೂ ಮುಖ್ಯ ಮಾಡಿನಿಂದಲೂ ಆ ವ್ಯಾಲಿಗೆ ಹರಿಯುವ ಜಾಗವನ್ನು ಮೇಲಿನಿಂದ ನೋಡಿ ಅಳೆದರೆ 200 ಚದರ ಅಡಿಗೂ ಸ್ವಲ್ಪ ಹೆಚ್ಚು, ಸುಮಾರು 19 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಸುರಿಯುವ ಹೊತ್ತಿನಲ್ಲಿ ಆ ಒಂದೇ ಮೂಲೆಗೆ ಗಂಟೆಗೆ 1,900 ಲೀಟರ್, ನಿಮಿಷಕ್ಕೆ ಎರಡು ಬಕೆಟ್ ಬೀಳುತ್ತದೆ. ಮೆಟ್ಟಿಲು ಅಲ್ಲಿಟ್ಟರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿ.

ಹಾಗಾಗಿ ಪೋರ್ಚನ್ನು ಎಡಕ್ಕೆ ಸರಿಸುತ್ತೇನೆ. ಕಂಬಗಳ ನಡುವೆ 10 ಅಡಿ, ಮಾಡಿನ ಅಗಲ 13 ಅಡಿ, ಗೋಡೆಯಿಂದ ಮಾಡಿನ ಮುಂತುದಿಗೆ 10 ಅಡಿ. ಪೋರ್ಚಿನ ಸೂರಿಗೂ ರೆಕ್ಕೆಯ ಸೂರಿಗೂ ನಡುವೆ ನಾಲ್ಕು ಅಡಿ ತೆರಪು ಉಳಿಯಲೇಬೇಕು. ಅದಕ್ಕಿಂತ ಕಿರಿದಾದರೆ ಎರಡು ವ್ಯಾಲಿಗಳ ನೀರು ಒಂದೇ ಕಿಂಡಿಗೆ ಸೇರುತ್ತದೆ, ಏಣಿ ಇಟ್ಟು ಕಸ ತೆಗೆಯಲೂ ಆಗುವುದಿಲ್ಲ. ಪೋರ್ಚಿನ ರಿಡ್ಜ್ ಬಾಗಿಲಿನ ನಡುಗೆರೆಗೆ ಸರಿಯಾಗಿ ಬರಲಿ. ಸೂರು ಮುಖ್ಯ ಸೂರಿನ ಮಟ್ಟದಲ್ಲೇ ಇರಲಿ. ಒಂದೆರಡು ಇಂಚು ಮೇಲೆ ಕೆಳಗೆ ಆದರೆ ವ್ಯಾಲಿಯ ಬುಡದಲ್ಲಿ ಅಂಗೈಯಗಲದ ತುಂಡು ಮೈ ಹುಟ್ಟುತ್ತದೆ, ಅದಕ್ಕೆ ಹೆಂಚೂ ಕೂರದು, ತಗಡೂ ಕೂರದು.

ಪೋರ್ಚಿನ ಮಾಡಿಗೆ ಬೇರೆ ಗ್ರೂಪ್‌ನಲ್ಲಿ, ಅಂದರೆ ಉಳಿದದ್ದಕ್ಕೆ ಅಂಟದ ಪ್ರತ್ಯೇಕ ಕಟ್ಟಿನಲ್ಲಿ, ತ್ರಿಕೋನ ಬರೆದು, ಮುಖವನ್ನು ಎಳೆದು ಉದ್ದ ಮಾಡುವ ಪುಶ್‌ಪುಲ್‌ನಿಂದ ಮುಖ್ಯ ಮಾಡಿನೊಳಗೆ ಧಾರಾಳವಾಗಿ ತೂರಿಸಿ. ಛೇದಿಸುವ ಮುನ್ನ ಗ್ರೂಪ್‌ಗಳನ್ನು ಎಕ್ಸ್‌ಪ್ಲೋಡ್ ಮಾಡಿ, ಅಂದರೆ ಬಿಡಿಸಿ, ಎರಡೂ ಮಾಡುಗಳನ್ನು ಒಂದೇ ಕಡೆ ತರಬೇಕು. ಯಾವ ಗ್ರೂಪ್ ತೆರೆದಿದೆಯೋ ಅದರೊಳಗೆ ಮಾತ್ರ ಛೇದದ ಗೆರೆ ಬೀಳುತ್ತದೆ. ಕಾಣುವ ಗೆರೆ ಅಳಿಸಲು, ಮೈ ಕತ್ತರಿಸಲು ಬಾರದಿದ್ದರೆ ಕಾರಣ ಇದೇ. ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ಮಾದರಿಯನ್ನು 100 ಪಟ್ಟು ಹಿಗ್ಗಿಸಿ, ಛೇದಿಸಿ, ಮತ್ತೆ ಕುಗ್ಗಿಸಿ. ಒಂದು ಮಿಲಿಮೀಟರ್ ಆಸುಪಾಸಿನ ಮೈಗಳನ್ನು ಈ ತಂತ್ರಾಂಶ ಕಟ್ಟುವುದಿಲ್ಲ.

ಮೆಟ್ಟಿಲು: ತಳಪಾಯ 2 ಅಡಿ ಎತ್ತರ ಇದ್ದರೆ 6 ಇಂಚಿನ ನಾಲ್ಕು ಏರು, ಒಂದೊಂದು ಅಡಿಯ ಮೂರು ತುಳಿ. ಕಂಬದ ಗೆರೆಯಿಂದ ಹೊರಕ್ಕೆ ಶುರು ಮಾಡಿದರೆ 3 ಅಡಿ ಮುಂದೆ ಬರುತ್ತದೆ, ಪೋರ್ಚಿನ ಮುಂದಿನ ಸೂರು ಇರುವುದು 2 ಅಡಿ. ಕೊನೆಯ ತುಳಿ ಮಳೆಗೆ ಸಿಗುತ್ತದೆ. ಒಂದೂವರೆ ಅಡಿ ಒಳಗೆ ಸರಿಸಿ. ಪೋರ್ಚ್ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಮುಂದಿನ ತ್ರಿಕೋನವನ್ನು (ಗೇಬಲ್) ತೆರೆದಿಡದೆ ಅಲ್ಲಿಗೂ ಇಳಿಜಾರು ತಂದು ಹಿಪ್ ಮಾಡುವುದು ವಾಸಿ, ಎರಚಲು ಬಾಗಿಲಿಗೆ ತಟ್ಟುವುದಿಲ್ಲ.

ವ್ಯಾಲಿಯ ತಗಡನ್ನೂ ಮಾದರಿಯಲ್ಲಿ ಹಾಕಿ: ಒಟ್ಟು 24 ಇಂಚು ಅಗಲ, ಎರಡೂ ಅಂಚು ಮೇಲಕ್ಕೆ ಮಡಚಿದ್ದು, ನಡುವೆ ಹೆಂಚಿಲ್ಲದ 6 ಇಂಚು ತೆರಪು. ಅಡಿಕೆ, ಹಲಸಿನ ಎಲೆ ಬೀಳುವ ಕಡೆ ಈ 6 ಇಂಚಿನಲ್ಲಿ ಜಿಪುಣತನ ಬೇಡ.

ಕೊನೆಗೆ ಹೆಂಚಿನ ಸಾಲು. ರೀಪಿನ ಅಂತರ ಸುಮಾರು 320 ಮಿಲಿಮೀಟರ್, ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುತ್ತದೆ. ಹತ್ತು ಹೆಂಚು ನೆಲದ ಮೇಲೆ ಕಚ್ಚಿಸಿ ಅಳೆಯಿರಿ. ಮುಖ್ಯ ಮಾಡಿನ ಇಳಿಜಾರಿನ ಉದ್ದ 5,630 ಮಿಲಿಮೀಟರ್, ಅಂದರೆ ಹದಿನೇಳೂವರೆ ಸಾಲಿನ ಮೇಲೆ ಚೂರು. ಸೂರನ್ನು ಸುತ್ತಲೂ ನಾಲ್ಕೂವರೆ ಇಂಚು ಹೊರಗೆ ತಂದರೆ ಸರಿಯಾಗಿ 18 ಸಾಲು. ರೆಕ್ಕೆಯಲ್ಲಿ ಪೂರ್ಣ ಸಾಲು ಸಿಗುವುದಿಲ್ಲ, ಅಲ್ಲಿ ರಿಡ್ಜ್ ಅಡಿಯಲ್ಲಿ ಕತ್ತರಿಸಬೇಕು.

ಆಯ್ದ ಮೈಯ ಅಳತೆ ತೋರಿಸುವ ಎಂಟಿಟಿ ಇನ್ಫೋ ಕಿಟಕಿ ಕೊಡುವ ವಿಸ್ತೀರ್ಣವನ್ನು ಹಾಗೇ ನಂಬಬೇಡಿ. ಎಲ್ಲ ಕಡೆ ಇಳಿಜಾರು ಒಂದೇ ಇದ್ದರೆ, ಹಿಪ್ ಇರಲಿ ಗೇಬಲ್ ಇರಲಿ, ಮೇಲಿನಿಂದ ಕಾಣುವ ವಿಸ್ತೀರ್ಣವನ್ನು 1.155ರಿಂದ ಗುಣಿಸಿದರೆ ಮಾಡಿನ ಮೈ ಸಿಗುತ್ತದೆ. ಇಲ್ಲಿ, ಸರಿಪಡಿಸಿದ ಸೂರು ಮತ್ತು ಪೋರ್ಚ್ ಸೇರಿ, 2,045 ಚದರ ಅಡಿಗೆ ಸುಮಾರು 2,360. ತಂತ್ರಾಂಶ ಇದಕ್ಕಿಂತ ಹೆಚ್ಚು ತೋರಿಸಿದರೆ ಒಳಗೆಲ್ಲೋ ಅಳಿಸದ ಮೈ ಉಳಿದಿದೆ. ಚದರ ಅಡಿಗೆ ಒಂದೂವರೆಯಂತೆ 3,540 ಹೆಂಚು, ಒಡೆತ ಮತ್ತು ವ್ಯಾಲಿಯ ಕತ್ತರಿಕೆ ಸೇರಿ 3,800 ತರಿಸಿ. ಹೆಂಚಿಗೆ ಎರಡೂವರೆ ಕಿಲೋ ಹಿಡಿದರೂ ಮಾಡಿನ ಮೇಲೆ ಒಂಬತ್ತು ಟನ್ ಹತ್ತಿರ ಕೂರುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಹೆಚ್ಚು. ಪಕಾಸಿಯ ದಪ್ಪ ನಿರ್ಧರಿಸುವವರಿಗೆ ಈ ಅಂಕಿ ಕೊಡಬೇಕು.

ಬಡಗಿಗೆ ಕೊಡುವ ಅಳತೆಗಳನ್ನು ಸೂರು ಸರಿಪಡಿಸಿದ ಮೇಲೆಯೇ ತೆಗೆಯಿರಿ. ರೆಕ್ಕೆಯ ವ್ಯಾಲಿ ಮೊದಲು 19 ಅಡಿ 10 ಇಂಚು ಇದ್ದದ್ದು ಈಗ 20 ಅಡಿ 5 ಇಂಚು. ಪುಟ್ಟ ಹಿಪ್ ಮಾತ್ರ 4 ಅಡಿ 7 ಇಂಚೇ, ಎರಡು ಭಾಗಗಳ ಅಗಲದ ವ್ಯತ್ಯಾಸ ಬದಲಾಗಿಲ್ಲವಲ್ಲ. ಪ್ರಿಂಟ್ ತೆಗೆಯುವಾಗ ಕ್ಯಾಮೆರಾವನ್ನು ಪ್ಯಾರಲಲ್ ಪ್ರೊಜೆಕ್ಷನ್‌ಗೆ ಹಾಕಿ. ಪರ್‌ಸ್ಪೆಕ್ಟಿವ್‌ನಲ್ಲಿ ತೆಗೆದ ಹಾಳೆಯ ಮೇಲೆ ಸ್ಕೇಲ್ ಇಟ್ಟು ಅಳೆಯಲು ಬರುವುದಿಲ್ಲ.