ಕಾವೇರಿ ಬೇಸಿನ್‌ನಲ್ಲಿ ನಾನು ಶೇಲ್‌ನಿಂದ ಶುರು ಮಾಡಿದೆ

ಕಾವೇರಿ ಬೇಸಿನ್ ಅಂದ ಕೂಡಲೇ ನಮ್ಮವರಿಗೆ ಹೊಳೆ ನೆನಪಾಗುತ್ತದೆ. ಇದು ಬೇರೆ. ಗೊಂಡ್ವಾನ ಅನ್ನೋ ಹಳೇ ಮಹಾಖಂಡ ಒಡೆದಾಗ ಬಿರುಕು ಬಿಟ್ಟು ಕುಸಿದ ತಗ್ಗು ಇದು, ತಮಿಳುನಾಡಿನ ಪೂರ್ವ ಕರಾವಳಿಯ ಅಡಿಯಲ್ಲೂ ಪಕ್ಕದ ಸಮುದ್ರದ ತಳದಲ್ಲೂ ಹರಡಿದೆ.

ಇಲ್ಲಿ ನೆಲದಡಿಯ ಕಚ್ಚಾ ಎಣ್ಣೆ ಎಲ್ಲಿದೆ ಅಂತ ಹುಡುಕುವಾಗಿನ ಮಾತು ಇದು. ಎಣ್ಣೆ ಹೆಚ್ಚಾಗಿ ಇರೋದು ಮರಳುಗಲ್ಲಿನಲ್ಲಿ, ಹಾಗಾಗಿ ಎಲ್ಲರೂ ಮೊದಲು ಅದನ್ನೇ ಹುಡುಕುತ್ತಾರೆ. ನಾನು ಶೇಲ್ (ನುಣ್ಣನೆ ಕೆಸರು ಗಟ್ಟಿಯಾಗಿ ಆದ ಕಲ್ಲು) ಹಿಡಿದೆ. ಮರಳು ಒಂದು ಬಾವಿಯಲ್ಲಿ ಸಿಕ್ಕಿ ಪಕ್ಕದ ಬಾವಿಯಲ್ಲಿ ಮಾಯವಾಗುತ್ತದೆ. ಆದರೆ ಸಮುದ್ರ ನೆಲದ ಮೇಲೆ ಅತಿ ಒಳಗೆ ನುಗ್ಗಿದ ಹೊತ್ತಿನಲ್ಲಿ ನುಣ್ಣನೆ ಕೆಸರು ದೂರದೂರಕ್ಕೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೂರುತ್ತದೆ. ಒಂದೇ ಕಾಲದ ಪದರ ಯಾವುದು ಅಂತ ಬಾವಿಯಿಂದ ಬಾವಿಗೆ ಗೆರೆ ಎಳೆಯೋಕೆ ಅದಕ್ಕಿಂತ ನಂಬಿಕೆಯ ಪದರ ಇಲ್ಲ. ಇದೇ ಮ್ಯಾಕ್ಸಿಮಮ್ ಫ್ಲಡಿಂಗ್ ಸರ್ಫೇಸ್.

ಈ ಬೇಸಿನ್‌ನ ಪುಣ್ಯ ಏನೆಂದರೆ ಪಶ್ಚಿಮದ ಅಂಚಿನಲ್ಲಿ, ಅರಿಯಲೂರು–ಪೆರಂಬಲೂರು ಕಡೆ, ಕ್ರಿಟೇಷಿಯಸ್ (ಡೈನೋಸಾರ್‌ಗಳ ಕೊನೆಯ ಯುಗದ) ಪದರಗಳು ಮೇಲೆಯೇ ಕಾಣುತ್ತವೆ. ಕಾರೈ ಹತ್ತಿರದ ಕೊರಕಲು ಬಿದ್ದ ಜೇಡಿಯಲ್ಲಿ ಬೆಲೆಮ್ನೈಟ್, ಅಮೊನೈಟ್ ಅನ್ನೋ ಅಳಿದುಹೋದ ಸಮುದ್ರಜೀವಿಗಳ ಪಳೆಯುಳಿಕೆಗಳು, ನಡುನಡುವೆ ಜಿಪ್ಸಮ್ ಎಳೆಗಳು. ಅಲ್ಲಿಂದ ಮೇಲಿನ ಗರುಡಮಂಗಲಂ ಮರಳುಗಲ್ಲಿಗೆ ಬಂದರೆ ಚಿಪ್ಪುಗಳ ರಾಶಿ, ಅಂದರೆ ನೀರಿನ ಆಳ ಕಡಿಮೆಯಾಗಿದೆ. ಈ ಬದಲಾವಣೆಯನ್ನು ನಡೆದು ನೋಡಿದ ಮೇಲೆ ಗಾಮಾ ಲಾಗ್ (ಬಾವಿಯೊಳಗಿನ ಕಲ್ಲಿನ ಸಹಜ ವಿಕಿರಣದ ದಾಖಲೆ, ಶೇಲ್‌ನಲ್ಲಿ ಅದು ಜಾಸ್ತಿ) ಓದೋದು ಬಹಳ ಸಲೀಸಾಯಿತು.

ಆದರೂ ಗಾಮಾ ಒಂದನ್ನೇ ನಂಬಬೇಡಿ. ಇಲ್ಲಿ ಹಳೇ ಗ್ರಾನೈಟ್, ನೈಸ್‌ಗಳಿಂದ ಬಂದ ಮರಳಿನಲ್ಲಿ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಜಾಸ್ತಿ ಇದ್ದರೆ ಅದೂ ಶೇಲ್ ಥರಾನೇ ಹೆಚ್ಚಿನ ಗಾಮಾ ತೋರಿಸುತ್ತದೆ. ನಾನು ಪ್ರತಿ ಗೆರೆಗೂ ಕಲ್ಲಿನ ರಂಧ್ರ, ಸಾಂದ್ರತೆ ತಿಳಿಸುವ ನ್ಯೂಟ್ರಾನ್, ಡೆನ್ಸಿಟಿ ಲಾಗ್ ಜೋಡಿಸಿ ನೋಡಿದೆ, ಸಮುದ್ರದ ಪದರಗಳಲ್ಲಿ ತೇಲುವ ಫೊರಾಮಿನಿಫೆರಾಗಳ (ಚಿಪ್ಪಿನ ಸೂಕ್ಷ್ಮಜೀವಿಗಳು) ಪಾಲು ಏರಿದೆಯಾ, ಅಂದರೆ ನೀರು ಆಳವಾಗಿತ್ತಾ ಅಂತಲೂ ನೋಡಿದೆ. ಆಮೇಲೇ ಚೆಕ್‌ಶಾಟ್ (ಧ್ವನಿ ಅಲೆಗೆ ಯಾವ ಆಳ ಮುಟ್ಟೋಕೆ ಎಷ್ಟು ಹೊತ್ತು ಬೇಕು ಅನ್ನೋ ಅಳತೆ) ಇಟ್ಟುಕೊಂಡು ಸೀಸ್ಮಿಕ್‌ಗೆ, ಅಂದರೆ ನೆಲದಡಿಯಿಂದ ಮರಳಿದ ಅಲೆಗಳ ಚಿತ್ರಕ್ಕೆ, ಹೋದದ್ದು. ಫ್ಲಡಿಂಗ್ ಗೆರೆಯ ಮೇಲೆ ರಿಫ್ಲೆಕ್ಟರ್‌ಗಳು (ಆ ಚಿತ್ರದಲ್ಲಿ ಕಾಣುವ ಪದರಗಳ ಗೆರೆಗಳು) ಇಳಿಜಾರಾಗಿ ಬಂದು ಮುಗಿಯಬೇಕು. ಕೆಳಗಿನವು ಕಡಿದುಹೋದಂತೆ ಕಂಡರೆ ಅದು ಸೀಕ್ವೆನ್ಸ್ ಬೌಂಡರಿ, ಸಮುದ್ರ ಹಿಂದೆ ಸರಿದಾಗಿನ ಗುರುತು. ಆಗ ತಗ್ಗಿಗೆ ಜಾರಿದ ಮರಳೇ ನನ್ನ ಗುರಿ.

ಎಣ್ಣೆಯ ಪ್ರಶ್ನೆ ಇಲ್ಲಿಂದ ಶುರು. ಇಲ್ಲಿಯ ಎಣ್ಣೆಗೆ ಮೂಲವಾದ ಆಂಡಿಮಡಂ ಶೇಲ್‌ನಲ್ಲಿ ಸಾವಯವ ಅಂಶ ಇದೆ, ಸರಿ. ಅದು ಸಾಕಷ್ಟು ಬೆಂದಿದೆಯಾ? ವಿಟ್ರಿನೈಟ್ ರಿಫ್ಲೆಕ್ಟೆನ್ಸ್ (ಕಲ್ಲಿನೊಳಗಿನ ಗಿಡದ ಚೂರು ಎಷ್ಟು ಬೆಳಕು ಮರಳಿಸುತ್ತದೆ ಅನ್ನೋದು, ಕಲ್ಲು ಎಷ್ಟು ಬೆಂದಿದೆ ಅನ್ನೋದರ ಅಳತೆ) ಸುಮಾರು 0.6% ದಾಟಿರಬೇಕು. ಎಣ್ಣೆ ಹೊರಡುವ ಹೊತ್ತಿಗೆ ಅದನ್ನು ಹಿಡಿದಿಡುವ ಟ್ರ್ಯಾಪ್ ತಯಾರಿತ್ತಾ? ಈ ಕೊನೆಯ ಪ್ರಶ್ನೆಗೇ ನಾನು ಜಾಸ್ತಿ ಹೊತ್ತು ಕೊಟ್ಟೆ, ಯಾಕೆಂದರೆ ಉಳಿದದ್ದೆಲ್ಲ ಸರಿಯಿದ್ದೂ ಇದು ತಪ್ಪಿದರೆ ಬಾವಿ ಒಣಗಿದ್ದೇ. ಬೇಸಿನ್‌ನ ತಳದಲ್ಲಿ ಹುದುಗಿರುವ ಗ್ರಾನೈಟ್ ದಿಬ್ಬಗಳ ತುದಿಗಿಂತ ಅವುಗಳ ಪಕ್ಕದ ಇಳಿಜಾರಿನಲ್ಲಿ, ಮರಳು ತೆಳ್ಳಗಾಗಿ ಶೇಲ್‌ನೊಳಗೆ ಮುಗಿಯುವ ಕಡೆ, ಇನ್ನೂ ಹುಡುಕಬೇಕು ಅನ್ನೋದು ನನ್ನ ಅಭಿಪ್ರಾಯ. ಹಾಗಂತ ದಿಬ್ಬಗಳನ್ನು ಸುಮ್ನೆ ಬಿಡೋ ಹಾಗೂ ಇಲ್ಲ: ಸಮುದ್ರದೊಳಗಿನ ಪಿವೈ-1 ಅನ್ನೋ ಕ್ಷೇತ್ರದಲ್ಲಿ ಗ್ಯಾಸ್ ಸಿಕ್ಕಿದ್ದು ಬಿರುಕು ಬಿಟ್ಟ ಗ್ರಾನೈಟ್‌ನಲ್ಲೇ.