ಥೆರಪಿ ಫಲ ಕೊಡುತ್ತಿದೆಯೇ? ಮನೆಯವರು ಲೆಕ್ಕ ಹಾಕುವ ಬಗೆ

ಕಾಸರಗೋಡಿನ ಬದಿಯಡ್ಕದಿಂದಲೋ ಪೆರ್ಲದಿಂದಲೋ ಬೆಳಗ್ಗೆ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ, ಒಪಿ ಚೀಟಿ ಮಾಡಿಸಿ, ಸರದಿ ಕಾದು, ಮನಸ್ಸಿನ ಕಾಯಿಲೆಯ ಥೆರಪಿಗೆ, ಅಂದರೆ ಮಾತುಕತೆಯ ಚಿಕಿತ್ಸೆಗೆ, ಮಗನನ್ನು ಮುಕ್ಕಾಲು ಗಂಟೆ ಒಳಗೆ ಕೂರಿಸಿ ವಾಪಸು ಬರುವಾಗ ಕತ್ತಲಾಗಿರುತ್ತದೆ. ಒಬ್ಬರ ಒಂದು ದಿನದ ಸಂಬಳವೂ ಹೋಗಿರುತ್ತದೆ. ಇಂಥ ಹನ್ನೆರಡು ದಿನ ಕಳೆಯಬೇಕು ಎಂದಾಗ "ಇದರಿಂದ ಪ್ರಯೋಜನ ಉಂಟಾ?" ಎಂದು ಮನೆಯವರು ಕೇಳುವುದು ಸಹಜ. ಆದರೆ ಪ್ರಶ್ನೆ ಅಷ್ಟಕ್ಕೇ ನಿಂತರೆ ಉತ್ತರ ಸಿಗುವುದಿಲ್ಲ. ಯಾವ ಕಾಯಿಲೆಗೆ, ಎಷ್ಟು ವಯಸ್ಸಿನವರಿಗೆ, ಯಾವುದಕ್ಕೆ ಹೋಲಿಸಿದರೆ ಪ್ರಯೋಜನ? ಈ ಮೂರನ್ನೂ ಸೇರಿಸಿ ಕೇಳಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಮೂರನೆಯದನ್ನು, ಮೋಸ ಹೋಗುವುದೂ ಅಲ್ಲೇ.

ಹೋಲಿಕೆ ಯಾಕೆ ಬೇಕು

ಹತ್ತನೇ ಕ್ಲಾಸಿನ ಹುಡುಗ ಫೆಬ್ರವರಿಯಿಂದ ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಾನೆ, ಬೆಳಗ್ಗೆ ಹೊಟ್ಟೆನೋವು, ಬಸ್ಸಿನ ಹಾರ್ನ್ ಕೇಳಿದರೆ ಎದೆ ಧಸಕ್ಕೆನ್ನುತ್ತದೆ ಎಂದಿಟ್ಟುಕೊಳ್ಳಿ. ಮಾರ್ಚಿಯಲ್ಲಿ ಕೌನ್ಸೆಲಿಂಗ್ ಶುರುವಾಯಿತು. ಏಪ್ರಿಲಿನಲ್ಲಿ ಹುಡುಗ ಆರಾಮ. ಮನೆಯವರು ಕೌನ್ಸೆಲರಿಗೆ ಕೈ ಮುಗಿಯುತ್ತಾರೆ. ಏಪ್ರಿಲ್, ಮೇ ಶಾಲೆಗೆ ರಜೆ ಎಂಬುದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಜೂನಿನಲ್ಲಿ ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಹೊತ್ತಿಗೆ ಹೊಟ್ಟೆನೋವು ಮರಳಿ ಬಂದರೆ ಆಗ ದೂರು ಥೆರಪಿಯ ಮೇಲೆ. ಎರಡೂ ತಪ್ಪು ಲೆಕ್ಕ. ಜನ ಚಿಕಿತ್ಸೆಗೆ ಬರುವುದು ತೊಂದರೆ ಏರಿದ ಹೊತ್ತಿಗೆ. ಏರಿದ್ದು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತದೆ. ಇಳಿಯುವಾಗ ಕೈಯಲ್ಲಿ ಏನಿತ್ತೋ, ಮಾತ್ರೆಯೋ, ಥೆರಪಿಯೋ, ಜೋಯಿಸರಲ್ಲಿ ಪ್ರಶ್ನೆ ಇಡಿಸಿ ಮಾಡಿದ ಪರಿಹಾರವೋ, ಅದಕ್ಕೆ ಹೆಸರು ಬರುತ್ತದೆ.

ಸರಿಯಾದ ಅಧ್ಯಯನಗಳಲ್ಲಿ ಹೋಲಿಕೆಗೆ ಇನ್ನೊಂದು ಗುಂಪು ಇರುವುದು ಇದೇ ಕಾರಣಕ್ಕೆ. ಒಂದನ್ನು ಹತ್ತಿರದಿಂದ ನೋಡೋಣ. 2008ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕ್ಯಾಮ್ಸ್ ಎಂಬ ಅಧ್ಯಯನದಲ್ಲಿ ಆತಂಕದ ಕಾಯಿಲೆಯಿದ್ದ 7ರಿಂದ 17 ವರ್ಷದ 488 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. 12 ವಾರ ಕಳೆದಾಗ ಚೆನ್ನಾಗಿ ಸುಧಾರಿಸಿದವರು: ಸಿಬಿಟಿ (ಯೋಚನೆ, ನಡವಳಿಕೆಗಳ ಧಾಟಿ ಬದಲಿಸಲು ಕಲಿಸುವ ಥೆರಪಿ) ಮತ್ತು ಸರ್ಟ್ರಾಲಿನ್ ಎಂಬ ಮಾತ್ರೆ ಎರಡೂ ಸಿಕ್ಕವರಲ್ಲಿ ನೂರಕ್ಕೆ ಸುಮಾರು 81, ಸಿಬಿಟಿ ಮಾತ್ರ ಸಿಕ್ಕವರಲ್ಲಿ 60, ಮಾತ್ರೆ ಮಾತ್ರ ಸಿಕ್ಕವರಲ್ಲಿ 55, ಔಷಧವೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ 24. ಕೊನೆಯ ಸಂಖ್ಯೆಯನ್ನು ಉಳಿದವುಗಳಿಂದ ಕಳೆಯಿರಿ. ಸಿಬಿಟಿಯದ್ದೇ ಆದ ಲಾಭ ನೂರಕ್ಕೆ 60 ಅಲ್ಲ, 36. ಅದೂ ಸಣ್ಣದಲ್ಲ.

ಈಗ 2004ರ ಟ್ಯಾಡ್ಸ್ ಎಂಬ ಅಧ್ಯಯನ ನೋಡಿ. ಇಲ್ಲಿ ಕಾಯಿಲೆ ಖಿನ್ನತೆ, ವಯಸ್ಸು 12ರಿಂದ 17, ಒಟ್ಟು 439 ಮಂದಿ, ಅವಧಿ ಅದೇ 12 ವಾರ. ಸಿಬಿಟಿ ಮತ್ತು ಫ್ಲುಆಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಎರಡೂ ಸಿಕ್ಕವರಲ್ಲಿ ಸುಧಾರಿಸಿದವರು ನೂರಕ್ಕೆ 71, ಫ್ಲುಆಕ್ಸೆಟಿನ್ ಮಾತ್ರ 61, ಸಿಬಿಟಿ ಮಾತ್ರ 43, ಹುಸಿ ಮಾತ್ರೆ 35. ಕೊನೆಯ ಎರಡರ ನಡುವಿನ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಕಡಿಮೆ. ಅದೇ ಸಿಬಿಟಿ, ಅಷ್ಟೇ ವಾರ, ಫಲ ಮಾತ್ರ ಬೇರೆ. "ಸಿಬಿಟಿ ಒಳ್ಳೆಯದು" ಎಂಬ ಬರಿಯ ಮಾತಿಗೆ ಅರ್ಥವಿಲ್ಲ ಎನ್ನುವುದು ಇದಕ್ಕೇ. 36ನೇ ವಾರಕ್ಕೆ ಸಿಬಿಟಿ ಗುಂಪು ಮಾತ್ರೆಯ ಗುಂಪಿಗೆ ಸರಿಸಮ ಬಂತು ಎಂಬುದೂ ನಿಜ. ಆದರೆ ಅಷ್ಟರಲ್ಲಿ ಹುಸಿ ಮಾತ್ರೆಯ ಗುಂಪು ಅಧ್ಯಯನದಲ್ಲಿ ಉಳಿದಿರಲಿಲ್ಲ. ಆ ಅಂಕಿಯನ್ನು ಕಳೆದು ನೋಡಲು ಎದುರಿಗೆ ಏನೂ ಇಲ್ಲ.

ಓದುವಾಗ ಇನ್ನೆರಡು ಕಡೆ ಎಚ್ಚರ. ಹೋಲಿಕೆಯ ಗುಂಪನ್ನು ಬರೀ ಕಾಯುವ ಪಟ್ಟಿಯಲ್ಲಿ ಇಟ್ಟಿದ್ದರೆ ಥೆರಪಿಯ ಫಲ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತನ್ನ ಸರದಿ ಇನ್ನೂ ಬಂದಿಲ್ಲ ಎಂದು ಗೊತ್ತಿರುವವನು ತಾನಾಗಿ ಏನನ್ನೂ ಮಾಡಿಕೊಳ್ಳದೆ ಕಾಯುತ್ತಾನೆ. ಅಷ್ಟೇ ಹೊತ್ತು ಬೇರೆ ರೀತಿಯ ಗಮನ ಸಿಕ್ಕ ಗುಂಪಿಗೆ ಹೋಲಿಸಿದ್ದರೆ ನಂಬಬಹುದು. ಎರಡನೆಯದು, ಮಧ್ಯದಲ್ಲಿ ಬಿಟ್ಟುಹೋದವರ ಲೆಕ್ಕ. 60 ಮಂದಿ ಶುರುಮಾಡಿ 30 ಮಂದಿ ಮುಗಿಸಿ, ಆ 30ರಲ್ಲಿ 24 ಮಂದಿ ಗುಣವಾದರೆ "ನೂರಕ್ಕೆ 80" ಎಂದು ಬರೆಯುವವರಿದ್ದಾರೆ. ನಿಜವಾದ ಲೆಕ್ಕ ನೂರಕ್ಕೆ 40.

ಯಾವುದಕ್ಕೆ ಯಾವುದು

ದೊಡ್ಡವರ ಖಿನ್ನತೆಗೆ ಸಿಬಿಟಿ, ಬಿಹೇವಿಯರಲ್ ಆ್ಯಕ್ಟಿವೇಶನ್ (ಬಿಟ್ಟುಹೋದ ಕೆಲಸ, ಓಡಾಟ, ಒಡನಾಟಗಳನ್ನು ಯೋಜನೆ ಹಾಕಿ ಒಂದೊಂದಾಗಿ ಮರಳಿ ಹಿಡಿಸುವುದು), ಇಂಟರ್‌ಪರ್ಸನಲ್ ಥೆರಪಿ (ಹತ್ತಿರದವರ ಜೊತೆಗಿನ ಸಂಬಂಧದ ತೊಡಕು ಬಿಡಿಸುವುದು), ಈ ಮೂರೂ ಹೆಚ್ಚುಕಡಿಮೆ ಸಮ. ಹತ್ತಿರದಲ್ಲಿ ಯಾವುದು ಸಿಗುತ್ತದೋ ಅದನ್ನು ಹಿಡಿದರೆ ನಷ್ಟವಿಲ್ಲ. ನಮ್ಮಂಥ ಊರುಗಳಿಗೆ ಗೋವಾದ ಪ್ರಯೋಗವೊಂದು ಮುಖ್ಯ. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಡಾಕ್ಟರೂ ಸೈಕಾಲಜಿಸ್ಟೂ ಅಲ್ಲದ, ತರಬೇತಿ ಪಡೆದ ಸಾಮಾನ್ಯರು 6ರಿಂದ 8 ಸೆಷನ್ ಬಿಹೇವಿಯರಲ್ ಆ್ಯಕ್ಟಿವೇಶನ್ ಮಾಡಿಸಿದರು. ತೀವ್ರ ಖಿನ್ನತೆಯಿದ್ದ ದೊಡ್ಡವರಿಗೂ ಗುಣ ಕಂಡಿತು ಎಂದು 2017ರಲ್ಲಿ ವರದಿಯಾಯಿತು. ಎದುರಿಗೆ ಕೂತವರ ಡಿಗ್ರಿಗಿಂತ ಹೆಚ್ಚಾಗಿ ಅವರು ಏನನ್ನು, ಯಾರ ಮೇಲ್ವಿಚಾರಣೆಯಲ್ಲಿ ಮಾಡುತ್ತಾರೆ ಎಂದು ನೋಡಬೇಕು.

ಗೀಳಿಗೆ, ಅಂದರೆ ಒಸಿಡಿಗೆ, ಹೆದರಿಕೆಯನ್ನು ಎದುರಿಸಿಯೂ ಗೀಳಿನ ಕೆಲಸ ಮಾಡದೆ ಇರಲು ಕಲಿಸುವ ಇಆರ್‌ಪಿ. ನಮ್ಮ ಕಡೆ ಇದು ಮಡಿ ಮೈಲಿಗೆಯ ಹಿಂದೆ ವರ್ಷಗಟ್ಟಲೆ ಅಡಗಿರಬಲ್ಲದು. ಮಡಿ ಪಾಲಿಸುವವರು ಸ್ನಾನ ಮಾಡಿದರೆ ಮುಗಿಯಿತು, ಮನಸ್ಸು ಹಗುರ. ಗೀಳಿನವರಿಗೆ ಮುಗಿಯುವುದೇ ಇಲ್ಲ. ಬಾವಿಕಟ್ಟೆಯಲ್ಲಿ ಹತ್ತು ಕೊಡ ಸುರಿದುಕೊಂಡರೂ "ಸರಿ ಆಯಿತಾ?" ಎಂದು ಕೇಳುತ್ತಾರೆ. ಇಆರ್‌ಪಿಯಲ್ಲಿ ಹೆದರಿಕೆಯ ವಸ್ತುಗಳನ್ನು ಕಡಿಮೆಯದರಿಂದ ಹೆಚ್ಚಿನದಕ್ಕೆ ಸಾಲಾಗಿ ಬರೆದು, ಮೊದಲನೆಯದನ್ನು, ಬಾಗಿಲಿನ ಚಿಲಕ ಎನ್ನೋಣ, ಮುಟ್ಟಿಸಿ ಕೈ ತೊಳೆಯದೆ ಕೂರಿಸುತ್ತಾರೆ. ಸಂಕಟ ಏರುತ್ತದೆ, ಬಹಳ ಸಲ ಅಲ್ಲೇ ಇಳಿಯುತ್ತದೆ. ಇಳಿಯದಿದ್ದರೂ ಹೆದರಿದ್ದು ನಡೆಯಲಿಲ್ಲ ಎಂಬುದು ಮನಸ್ಸಿಗೆ ನಾಟುತ್ತದೆ. ಬರೀ ಧೈರ್ಯ ಹೇಳಿ, ಬಾಲ್ಯದ ಕತೆ ಕೇಳಿ ಕಳಿಸಿದರೆ ಅದು ಇಆರ್‌ಪಿ ಅಲ್ಲ, ಹತ್ತು ಸೆಷನ್ ಆದರೂ ಅಲ್ಲ. ಮನೆಯಲ್ಲಿ ಕೆಡುವುದು ಬೇರೆ ಬಗೆ. ಅಮ್ಮ ಕರುಣೆಯಿಂದ "ಕೈ ಶುದ್ಧ ಉಂಟು ಮಗಾ" ಎಂದು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದರೆ ಆ ಉತ್ತರವೇ ಗೀಳಿಗೆ ಗೊಬ್ಬರ. ಮನೆಯವರನ್ನು ಒಂದೆರಡು ಸೆಷನ್ ಕೂರಿಸಿಕೊಳ್ಳದ ಇಆರ್‌ಪಿ ಅರ್ಧ ಕೆಲಸ.

ಆಘಾತದ ನಂತರ ಆ ನೆನಪು ಮತ್ತೆ ಮತ್ತೆ ಬಂದು ಕಾಡುವ ಪಿಟಿಎಸ್‌ಡಿಗೆ ಆ ಘಟನೆಯನ್ನೇ ಎದುರಿಸುವ ಸಿಬಿಟಿ ಅಥವಾ ಇಎಂಡಿಆರ್ (ಕಣ್ಣನ್ನು ಅತ್ತಿತ್ತ ಆಡಿಸುತ್ತ ಆ ನೆನಪನ್ನು ಎದುರಿಸುವ ಥೆರಪಿ). ಅಪಘಾತವೋ ಸಾವೋ ಆದ ಕೂಡಲೇ ಎಲ್ಲರನ್ನೂ ಒಂದು ಸಲ ಕೂರಿಸಿ ನಡೆದದ್ದನ್ನು ಬಾಯಿಬಿಡಿಸುವ ಪದ್ಧತಿಯಿಂದ ಲಾಭ ಕಂಡಿಲ್ಲ, ಕೆಲವು ಅಧ್ಯಯನಗಳಲ್ಲಿ ಕೆಡುಕೇ ಕಂಡಿದೆ. ಮತ್ತೆ ಮತ್ತೆ ಮೈಗೆ ಗಾಯ ಮಾಡಿಕೊಳ್ಳುವ ಹದಿಹರೆಯದವರಿಗೆ ಡಿಬಿಟಿ (ಉಕ್ಕುವ ಭಾವನೆಗಳನ್ನು ತಡೆದುಕೊಳ್ಳಲು ಕಲಿಸುವ ಥೆರಪಿ). ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾದ ಹುಡುಗಿಯರಿಗೆ ಅಪ್ಪ ಅಮ್ಮನೇ ಊಟದ ಹೊಣೆ ಹೊರುವ ಕುಟುಂಬ ಥೆರಪಿ. ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳುವ, ಇಲ್ಲದ್ದನ್ನು ನಂಬುವ ಕಾಯಿಲೆ), ಬೈಪೋಲಾರ್ (ವಿಪರೀತ ಉತ್ಸಾಹ ಒಮ್ಮೆ, ಖಿನ್ನತೆ ಇನ್ನೊಮ್ಮೆ ಬರುವ ಕಾಯಿಲೆ) ಇದ್ದಲ್ಲಿ ಮಾತ್ರೆಯೇ ಅಡಿಪಾಯ, ಮನೆಯವರಿಗೆ ಕಾಯಿಲೆಯ ತಿಳಿವಳಿಕೆ ಕೊಟ್ಟರೆ ಮರುಕಳಿಸುವುದು ಕಡಿಮೆಯಾಗುತ್ತದೆ. ಇವೆರಡಕ್ಕೂ "ಮಾತ್ರೆ ಬಿಡಿಸಿ ಮಾತಿನಲ್ಲೇ ಗುಣ ಮಾಡುತ್ತೇವೆ" ಎನ್ನುವವರ ಮೆಟ್ಟಿಲು ಇಳಿದು ಬನ್ನಿ.

ಭಾಷೆ

ಮಾತ್ರೆಗೆ ಭಾಷೆಯಿಲ್ಲ, ಥೆರಪಿಗೆ ಭಾಷೆಯೇ ಎಲ್ಲ. ಕಾಸರಗೋಡಿನ ಮಗು ಮನೆಯಲ್ಲಿ ತುಳುವೋ ಹವ್ಯಕವೋ ಮರಾಠಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಆಸ್ಪತ್ರೆಯಲ್ಲಿ ಮಲಯಾಳ ಕೇಳುತ್ತದೆ. ಕಾಯಿಲೆ ಅಳೆಯಲು ಕೊಡುವ ಪ್ರಶ್ನಾವಳಿಯ ಕನ್ನಡವೋ ಪುಸ್ತಕದ್ದು. "ಖಿನ್ನತೆ" ಎಂದು ಯಾವ ಮನೆಯಲ್ಲೂ ಅನ್ನುವುದಿಲ್ಲ, ಅನ್ನುವುದು "ಬೇಜಾರು", "ಮಂಡೆಬೆಚ್ಚ". ಈ ಮಂಡೆಬೆಚ್ಚದಲ್ಲಿ ದುಃಖ, ಚಿಂತೆ, ಸಿಟ್ಟು, ಬ್ಯಾಂಕಿನ ಸಾಲ ಎಲ್ಲವೂ ಸೇರಿವೆ. ಆದ್ದರಿಂದ ಬೆಚ್ಚ ಆದಾಗ ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಎದೆ ಬಡಿಯುತ್ತದಾ ಎಂದು ಬಿಡಿಸಿ ಕೇಳುವವರು ಬೇಕು. ಯಾವ ಭಾಷೆಯಲ್ಲಿ ಸೆಷನ್ ಎಂದು ಮೊದಲ ದಿನವೇ ಕೇಳಿ. ಅಣ್ಣನನ್ನೋ ಅಕ್ಕನನ್ನೋ ದುಭಾಷಿಯಾಗಿ ಒಳಗೆ ಕೂರಿಸಬೇಡಿ, ಮಗು ಹೇಳಬೇಕಾದ್ದು ಅವರ ಬಗ್ಗೆಯೇ ಇರಬಹುದು.

ಮಾಡುವವರು ಯಾರು ಎಂಬುದನ್ನೂ ಆಗಲೇ ಕೇಳಿಬಿಡಿ. ಮಾತ್ರೆ ಬರೆಯುವವರು ಮನೋವೈದ್ಯರು, ಎಂಬಿಬಿಎಸ್ ನಂತರ ಮನೋವೈದ್ಯ ಶಾಸ್ತ್ರ ಓದಿದವರು. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ, ಕೇಳಿದರೆ ತಪ್ಪಿಲ್ಲ. ಕೌನ್ಸೆಲರ್ ಎಂಬ ಹೆಸರಿನಲ್ಲಿ ಎರಡು ವರ್ಷ ಓದಿದವರೂ ನಾಲ್ಕು ಭಾನುವಾರ ಕೂತವರೂ ಸಿಗುತ್ತಾರೆ.

ಅಳೆಯುವುದು

ಮೊದಲ ಸೆಷನ್ನಿಗೆ ಮುಂಚೆ ಅಳೆಯದಿದ್ದರೆ ಆಮೇಲೆ ಅಳೆದು ಪ್ರಯೋಜನವಿಲ್ಲ. ಖಿನ್ನತೆಗೆ ಪಿಎಚ್‌ಕ್ಯೂ-9 ಸಾಕು. ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ. ಇಲ್ಲವೇ ಇಲ್ಲ ಎಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನಾ ಎಂದರೆ 3. ಒಟ್ಟು 27. 5ರಿಂದ ಸೌಮ್ಯ, 10ರಿಂದ ಮಧ್ಯಮ, 15ರಿಂದ ಸಾಕಷ್ಟು ತೀವ್ರ, 20ರಿಂದ ತೀವ್ರ. ಆತಂಕಕ್ಕೆ ಜಿಎಡಿ-7, ಏಳು ಪ್ರಶ್ನೆ, ಒಟ್ಟು 21. ಇವು ಕಾಯಿಲೆಗೆ ಹೆಸರಿಡುವ ಸಾಧನಗಳಲ್ಲ, ಏರಿಳಿತ ನೋಡುವ ಅಳತೆಕೋಲು.

ಶುರುವಿನಲ್ಲಿ 17 ಇದ್ದದ್ದು 4ನೇ ವಾರಕ್ಕೆ 14 ಆಯಿತು ಎಂದುಕೊಳ್ಳಿ. ಖುಷಿಪಡಬೇಡಿ, ಮೂರು ಅಂಕ ಕೆಲವು ದಿನ ಒಳ್ಳೆಯ ನಿದ್ದೆ ಬಂದರೂ ಇಳಿಯಬಹುದು. 5 ಇಳಿದರೆ ಲೆಕ್ಕಕ್ಕೆ ಹಿಡಿಯಬಹುದು. ಮೊದಲಿನ ಅರ್ಧಕ್ಕೆ, ಅಂದರೆ 8ಕ್ಕೆ ಬಂದರೆ ಚಿಕಿತ್ಸೆ ಹಿಡಿದಿದೆ. 5ಕ್ಕಿಂತ ಕೆಳಗೆ ಇಳಿದು ನಿಂತರೆ ಕಾಯಿಲೆ ಇಳಿದಿದೆ. ಒಂಬತ್ತನೇ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ 0 ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡುತ್ತ ಕೂರಬಾರದು, ಅದೇ ದಿನ ಮಾತಾಡಿ ಅದೇ ದಿನ ವೈದ್ಯರಿಗೆ ತಿಳಿಸಬೇಕು. ತೋಟಕ್ಕೆ ಸಿಂಪಡಿಸುವ ಔಷಧಿ, ಮಾತ್ರೆಯ ಸ್ಟ್ರಿಪ್ ಎಲ್ಲವನ್ನೂ ಕೀಲಿ ಹಾಕಿಡಿ.

ತುಂಬಿಸುವಾಗ ಅಮ್ಮ ಪಕ್ಕದಲ್ಲಿ ನಿಂತಿದ್ದರೆ ಅಂಕ ಕಡಿಮೆ ಬರುತ್ತದೆ. ಥೆರಪಿಸ್ಟರೇ ಎದುರು ಕೂತು ಕೇಳಿದರೆ ಇನ್ನೂ ಕಡಿಮೆ, ಎದುರಿಗಿದ್ದವರಿಗೆ ಬೇಸರವಾಗಬಾರದು ಎಂಬ ದಾಕ್ಷಿಣ್ಯ ನಮ್ಮವರಿಗೆ ಜಾಸ್ತಿ. ಒಬ್ಬರೇ ಕೂತು, ಒಳಗೆ ಹೋಗುವ ಮುಂಚೆ ತುಂಬಿಸಲಿ. ಜೊತೆಗೆ ಕಣ್ಣಿಗೆ ಕಾಣುವ ಒಂದೇ ಒಂದು ಗುರುತು ಆರಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಬನ್ನಿ: ವಾರದಲ್ಲಿ ಎಷ್ಟು ದಿನ ಶಾಲೆ, ಎಷ್ಟು ದಿನ ಎಲ್ಲರ ಜೊತೆ ಊಟ. ಅಂಕ ಇಳಿದು ಗೀಟು ಹೆಚ್ಚದಿದ್ದರೆ ಗೀಟನ್ನೇ ನಂಬಿ.

ಯಾವಾಗ ನಿಲ್ಲಿಸುವುದು

ಸಿಬಿಟಿ ಸಾಮಾನ್ಯವಾಗಿ 12ರಿಂದ 20 ಸೆಷನ್. ಆರನೆಯದರ ಹೊತ್ತಿಗೂ ಏನೂ ಅಲುಗಾಡದಿದ್ದರೆ ಥೆರಪಿಸ್ಟರ ಹತ್ತಿರ ನೇರವಾಗಿ ಕೇಳಿ. ಇಆರ್‌ಪಿಯಂಥ ಎದುರಿಸುವ ಥೆರಪಿಯಲ್ಲಿ ಮೊದಲ ಮೂರು ನಾಲ್ಕು ಸೆಷನ್ ಸಂಕಟ ಹೆಚ್ಚುವುದುಂಟು, ಅಲ್ಲಿಗೇ ಬಿಟ್ಟರೆ ಹೆದರಿಕೆ ಮೊದಲಿಗಿಂತ ಗಟ್ಟಿಯಾಗಬಹುದು. ಖಿನ್ನತೆಯ ಮಾತ್ರೆಗೆ ಸರಿಯಾದ ಡೋಸಿನಲ್ಲಿ 4ರಿಂದ 6 ವಾರ ಕೊಡಬೇಕು. 25ರ ಒಳಗಿನವರಿಗೆ ಮೊದಲ ವಾರಗಳಲ್ಲಿ, ಡೋಸ್ ಬದಲಾದಾಗ ಕೂಡ, ಚಡಪಡಿಕೆ, ಸಾವಿನ ಮಾತು ಬರುತ್ತದೆಯೇ ಎಂದು ಕಣ್ಣಿಟ್ಟಿರಬೇಕು. ಬಂದರೆ ವೈದ್ಯರಿಗೆ ಫೋನು. ತಾವೇ ಮಾತ್ರೆ ಒಮ್ಮೆಲೇ ನಿಲ್ಲಿಸುವುದಲ್ಲ.

ಫಲವಿಲ್ಲ ಎಂದು ತೀರ್ಮಾನಿಸುವ ಮೊದಲು ನಾಲ್ಕು ನೋಡಿ. ಹನ್ನೆರಡರಲ್ಲಿ ಎಷ್ಟು ಸೆಷನ್ ತಪ್ಪಿತು? ಮಳೆಗಾಲದಲ್ಲಿ ಬಸ್ಸು ತಪ್ಪಿ ಐದೇ ಆಗಿದ್ದರೆ ಅದು ಥೆರಪಿ ಸೋತದ್ದಲ್ಲ. ಮನೆಯಲ್ಲಿ ಮಾಡಲು ಕೊಟ್ಟದ್ದು ಮಾಡಿದ್ದಾರಾ? ಥೈರಾಯ್ಡ್, ರಕ್ತಹೀನತೆ, ಕುಡಿತ ಒಳಗೆ ಉಂಟಾ? ಖಿನ್ನತೆ ಎಂದುಕೊಂಡದ್ದು ಬೈಪೋಲಾರ್ ಆಗಿರಬಹುದಾ?

ದೈವಕ್ಕೆ ಹೇಳಿಕೊಳ್ಳುವುದು, ಪ್ರಶ್ನೆ ಇಡಿಸುವುದು ಮನೆಯವರ ನಂಬಿಕೆ. ಮಾಡುವುದಾದರೆ ಅದನ್ನೂ ತಾರೀಕು ಹಾಕಿ ಅದೇ ಕ್ಯಾಲೆಂಡರಿನಲ್ಲಿ ಬರೆಯಿರಿ. ಮಾತ್ರೆ ನಿಲ್ಲಿಸಬಾರದು, ಹೊಡೆಯಬಾರದು, ಕಟ್ಟಿಹಾಕಬಾರದು. ಸಂಕೋಲೆ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಅರಿವಳಿಕೆಯಿಲ್ಲದೆ ಶಾಕ್ ಕೊಡುವುದನ್ನೂ ಅದು ನಿಷೇಧಿಸಿದೆ. 18ರ ಒಳಗಿನವರಿಗಾದರೆ ಅರಿವಳಿಕೆ ಕೊಟ್ಟು ಶಾಕ್ ಕೊಡಲೂ ಪೋಷಕರ ಒಪ್ಪಿಗೆ ಮಾತ್ರ ಸಾಲದು, ಆ ಕಾಯ್ದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಪೂರ್ವಾನುಮತಿ ಬೇಕು.

ಗಡಿಯ ಆಚೆ ಈಚೆ ಆಸ್ಪತ್ರೆ ಬದಲಾಯಿಸುವವರಿಗೆ ಕಾಗದವೇ ಗಟ್ಟಿ. ತಮ್ಮ ವೈದ್ಯಕೀಯ ದಾಖಲೆ ಕೇಳಿ ಪಡೆಯುವ ಹಕ್ಕು ಅದೇ ಕಾಯ್ದೆಯಲ್ಲಿದೆ. ಕಾಯಿಲೆಯ ಹೆಸರು, ಥೆರಪಿಯ ಹೆಸರು, ಆದ ಸೆಷನ್, ಅಂಕಗಳು, ಮಾತ್ರೆಯ ಕಂಪನಿ ಹೆಸರಲ್ಲದೆ ಒಳಗಿನ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಎಂದಿನಿಂದ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಂಡು ಪ್ಲಾಸ್ಟಿಕ್ ಕವರಿನಲ್ಲಿಡಿ. ಅದರ ಹಿಂಬದಿಯಲ್ಲಿ ಸಹಾಯವಾಣಿಗಳಾದ ಟೆಲಿ ಮಾನಸ್‌ನ 14416, ಕೇರಳದ ದಿಶಾದ 1056 ಬರೆದಿಟ್ಟಿರಿ. ಕರೆ ಮಾಡಿದಾಗ ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಮೊದಲ ಮಾತಿಗೇ ಹೇಳಿ.