ಪಿಆರ್ ಕೆಲಸ ಬೇಕಾ? ಪೋಸ್ಟ್ ಹಾಕುವ ಮೊದಲು ಕಿವಿ ಕೊಡಿ

ಪಿಆರ್ ಅಂದರೆ ಸಾರ್ವಜನಿಕ ಸಂಪರ್ಕ, ಸಂಸ್ಥೆಯ ಪರವಾಗಿ ಜನರ ಜೊತೆ, ಪತ್ರಕರ್ತರ ಜೊತೆ ಮಾತಾಡುವ ಕೆಲಸ. ಅದಕ್ಕೆ ಬರಬೇಕು ಅಂದುಕೊಂಡವರು ಸಾಮಾನ್ಯವಾಗಿ ರೀಲ್ಸ್ ಎಡಿಟಿಂಗ್‌ನಿಂದ ಶುರು ಮಾಡುತ್ತಾರೆ. ಕಲಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಆ್ಯಪ್‌ಗಳನ್ನು ಜಾಸ್ತಿ ನಂಬಬೇಡಿ. ಟ್ವಿಟರ್ 2023ರಲ್ಲಿ ಎಕ್ಸ್ ಆಯಿತು. ಯಾವ ಪೋಸ್ಟ್ ಎಲ್ಲೆಲ್ಲಿ ಹರಡುತ್ತಿದೆ ಎಂದು ನೋಡಲು ಪತ್ರಕರ್ತರೂ ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಅನ್ನು ಮೆಟಾ 2024ರ ಆಗಸ್ಟ್‌ನಲ್ಲಿ ಮುಚ್ಚಿಬಿಟ್ಟಿತು. ಅದಕ್ಕೇ ಇಲ್ಲಿ ಟೂಲ್ ಮಾತು ಆಮೇಲೆ, ಜನ ಏನು ಹೇಳುತ್ತಿದ್ದಾರೆ ಅನ್ನುವುದು ಮೊದಲು.

ಮೊದಲು ಕೇಳಿಸಿಕೊಳ್ಳಿ

ನಿಮಗೆ ಗೊತ್ತಿರುವ ಒಂದು ಸಂಸ್ಥೆಯನ್ನು ಆರಿಸಿಕೊಳ್ಳಿ. ಅದರ ಹೆಸರಿಗೆ ಗೂಗಲ್ ಅಲರ್ಟ್ ಹಾಕಿ, ಆ ಹೆಸರು ವೆಬ್‌ನಲ್ಲಿ ಹೊಸದಾಗಿ ಕಂಡಾಗ ನಿಮಗೆ ಮೇಲ್ ಬರುತ್ತದೆ, ಅದು ಪುಕ್ಕಟೆ. ಜನ ಆ ಹೆಸರನ್ನು ತಪ್ಪಾಗಿ ಟೈಪ್ ಮಾಡುತ್ತಾರಲ್ಲ, ಆ ಕಾಗುಣಿತಕ್ಕೂ ಒಂದು ಹಾಕಿ. ಆಮೇಲೆ ಎರಡು ವಾರ ದಿನಕ್ಕೆ ಅರ್ಧ ಗಂಟೆ ಎಕ್ಸ್, ಇನ್‌ಸ್ಟಾಗ್ರಾಮ್ ಕಾಮೆಂಟ್, ಯೂಟ್ಯೂಬ್ ಕಾಮೆಂಟ್, ಆ್ಯಪ್ ಸ್ಟೋರ್ ರಿವ್ಯೂ ಓದಿ. ಒಂದು ಶೀಟ್‌ನಲ್ಲಿ ಬರೆದಿಡಿ: ಎಲ್ಲಿ ಬಂತು, ಏನು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ಸಂಸ್ಥೆ ಉತ್ತರ ಕೊಟ್ಟಿತಾ, ಎಷ್ಟು ಹೊತ್ತಿಗೆ.

ಇದರಲ್ಲಿ ‘ಯಾವ ಮಾತಿನಲ್ಲಿ’ ಅನ್ನುವ ಕಾಲಂ ಬಹಳ ಮುಖ್ಯ. ಸಂಸ್ಥೆಯ ಪೇಜಿನಲ್ಲಿ ‘ತಡೆರಹಿತ ಪಾವತಿ ಅನುಭವ’ ಅಂತಿರುತ್ತದೆ. ಅದರ ಕೆಳಗೇ ಯಾರೋ ‘ದುಡ್ಡು ಕಟ್ ಆಯ್ತು, ಟಿಕೆಟ್ ಬಂದಿಲ್ಲ, ಯಾರಿಗೆ ಕೇಳ್ಬೇಕು?’ ಅಂತ ಕೇಳಿರುತ್ತಾರೆ. ಅವರಿಗೆ ಉತ್ತರ ಕೊಡುವುದು ಬಿಟ್ಟು ಸಂಸ್ಥೆ ಅವತ್ತು ಟ್ರೆಂಡಿಂಗ್ ಆಡಿಯೊಗೆ ಡಾನ್ಸ್ ಹಾಕಿದರೆ ಬೈಗುಳ ಗ್ಯಾರಂಟಿ. ಟ್ರೆಂಡ್‌ಗೆ ಸೇರಬೇಕಾ ಬೇಡವಾ ಅನ್ನುವುದು ಈ ಶೀಟ್ ನೋಡಿದರೆ ತಿಳಿಯುತ್ತದೆ.

ವಿಷಯ ಎಲ್ಲಿ ಇಡುವುದು?

ಈ ಕ್ಷೇತ್ರದಲ್ಲಿ ‘ಪೆಸೊ’ ಎಂಬ ಮಾತು ಪದೇ ಪದೇ ಕೇಳುತ್ತೀರಿ. ಪೇಯ್ಡ್, ಅರ್ನ್ಡ್, ಶೇರ್ಡ್, ಓನ್ಡ್: ಅಂದರೆ ದುಡ್ಡು ಕೊಟ್ಟ ಜಾಹೀರಾತು, ಪತ್ರಕರ್ತರು ತಾವಾಗಿ ಬರೆದ ಸುದ್ದಿ, ಸೋಷಿಯಲ್ ಮೀಡಿಯಾ, ಸಂಸ್ಥೆಯದ್ದೇ ಆದ ವೆಬ್‌ಸೈಟ್ ಮತ್ತು ನ್ಯೂಸ್‌ಲೆಟರ್. ಪೂರ್ತಿ ವಿಷಯವನ್ನು ಮೊದಲು ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಹಾಕಿ, ಆಮೇಲೆ ಉಳಿದ ಕಡೆ ಹೋಗಿ ಅನ್ನುವುದು ನನ್ನ ಸಲಹೆ. ಗೂಗಲ್ 2024ರಿಂದ ಹುಡುಕಾಟದ ಮೇಲ್ಭಾಗದಲ್ಲಿ ಎಐ ಸಾರಾಂಶ ತೋರಿಸುತ್ತಿದೆ, ಇನ್ನು ಕೆಲವರು ಚಾಟ್‌ಬಾಟ್‌ಗಳನ್ನೇ ನೇರವಾಗಿ ಕೇಳುತ್ತಾರೆ. ತೆರೆದ ವೆಬ್‌ನಲ್ಲಿ ಸರಿಯಾದ ಮಾಹಿತಿ ಸ್ಪಷ್ಟವಾಗಿ ಸಿಗದಿದ್ದರೆ ಆ ಉತ್ತರ ಹಳೇ ದೂರುಗಳಿಂದಲೋ ಯಾರದ್ದೋ ಊಹೆಯಿಂದಲೋ ತುಂಬಿಕೊಳ್ಳಬಹುದು.

ಬರೆಯಿರಿ, ಮತ್ತೆ ಮತ್ತೆ ಬರೆಯಿರಿ

1906ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ರೈಲು ಅಪಘಾತವಾದಾಗ ಪಿಆರ್ ಕ್ಷೇತ್ರದ ಮೊದಲಿಗರಲ್ಲಿ ಒಬ್ಬರಾದ ಐವಿ ಲೀ ರೈಲ್ವೆ ಕಂಪನಿಯ ಪರವಾಗಿ ನಡೆದದ್ದನ್ನು ಬರೆದು ಪತ್ರಿಕೆಗಳಿಗೆ ತಾವೇ ಕಳಿಸಿದರು. ಮೊದಲ ಪ್ರೆಸ್ ನೋಟ್ ಅಂತ ಹೇಳುವುದು ಅದನ್ನೇ. ಇವತ್ತೂ ಕೆಲಸ ಅದೇ, ವಿಷಯ ಮೊದಲು ಬರಬೇಕು. ಆದರೆ ಒಂದೇ ವಿಷಯವನ್ನು ನಾಲ್ಕು ಕಡೆಗೆ ನಾಲ್ಕು ಥರ ಬರೆಯಬೇಕು, ಅಷ್ಟೇ.

ಒಂದು ಅಭ್ಯಾಸ ಮಾಡೋಣ. ‘ಗ್ರಾಹಕರ ಅನುಕೂಲಕ್ಕಾಗಿ ನಮ್ಮ ಸಂಸ್ಥೆಯು ನೂತನ ರೀಫಂಡ್ ವ್ಯವಸ್ಥೆಯನ್ನು ಪರಿಚಯಿಸಲು ಹರ್ಷಿಸುತ್ತದೆ’ ಎಂಬ ವಾಕ್ಯ ನಿಮ್ಮ ಕೈಗೆ ಬಂತು ಅಂದುಕೊಳ್ಳಿ. ಎಕ್ಸ್‌ಗೆ ಹೀಗೆ ಬರೆಯಿರಿ: ‘ರೀಫಂಡ್‌ಗೆ ಇನ್ನು ಫೋನ್ ಮಾಡಬೇಕಿಲ್ಲ. ಆ್ಯಪ್‌ನಲ್ಲೇ ಬಟನ್ ಇದೆ.’ ರೀಲ್‌ನಲ್ಲಿ ಲೋಗೊ ತೋರಿಸುತ್ತಾ ಕೂರಬೇಡಿ, ಮೊದಲ ದೃಶ್ಯದಲ್ಲೇ ಬೆರಳು ಆ ಬಟನ್ ಒತ್ತಲಿ. ಸೌಂಡ್ ಆಫ್ ಮಾಡಿಕೊಂಡು ನೋಡುವವರು ಬಹಳ ಮಂದಿ ಇರುತ್ತಾರೆ, ಸಬ್‌ಟೈಟಲ್ ಮರೆಯಬೇಡಿ. ಲಿಂಕ್ಡ್‌ಇನ್‌ನಲ್ಲಿ ಎಂಥ ದೂರುಗಳು ಬರುತ್ತಿದ್ದವು, ಇದನ್ನು ಏಕೆ ಮಾಡಬೇಕಾಯಿತು ಎಂದು ಬರೆಯಿರಿ. ಪತ್ರಕರ್ತರಿಗೆ ಕಳಿಸುವ ಮೇಲ್‌ನಲ್ಲಿ ಐದಾರು ಸಾಲು ಸಾಕು: ಸುದ್ದಿ ಏನು, ಈಗ ಏಕೆ, ಯಾರು ಮಾತಾಡುತ್ತಾರೆ, ಅವರ ಫೋನ್ ನಂಬರ್. ಅವರು ಈ ವಿಷಯದ ಮೇಲೆ ಬರೆಯುತ್ತಾರಾ ಅಂತ ನೋಡದೆ ಇನ್ನೂರು ಜನಕ್ಕೆ ಒಂದೇ ಮೇಲ್ ತಳ್ಳಿದರೆ ಮುಂದಿನ ಸಲ ಅದನ್ನು ತೆರೆಯುವವರೂ ಇರುವುದಿಲ್ಲ.

ಎಐ ಟೂಲ್ ಬಳಸಿ, ಕರಡಿಗೆ ಚೆನ್ನಾಗಿರುತ್ತದೆ. ಆದರೆ ಇನ್ನೂ ಹೊರಗೆ ಬಿಡದ ಕ್ಲೈಂಟ್ ಸುದ್ದಿಯನ್ನು ಸಾರ್ವಜನಿಕ ಚಾಟ್‌ಬಾಟ್‌ಗೆ ಹಾಕಬೇಡಿ. ಅದು ಕೊಟ್ಟ ಪ್ರತಿ ಅಂಕಿ, ಪ್ರತಿ ಹೇಳಿಕೆಯನ್ನು ನೀವೇ ಪರೀಕ್ಷಿಸಿ.

ಇನ್‌ಫ್ಲುಯೆನ್ಸರ್ ಆರಿಸುವಾಗ ಫಾಲೋವರ್ ಸಂಖ್ಯೆ ಬಿಟ್ಟು ಕಾಮೆಂಟ್ ಓದಿ. ಬರೀ ಬೆಂಕಿ ಇಮೋಜಿಗಳಿದ್ದರೆ ಯೋಚಿಸಿ. ಜನ ಪ್ರಶ್ನೆ ಕೇಳುತ್ತಿದ್ದು ಅವರು ಉತ್ತರಿಸುತ್ತಿದ್ದರೆ ಅಕೌಂಟ್ ಚಿಕ್ಕದಾದರೂ ಪರವಾಗಿಲ್ಲ. ದುಡ್ಡು ಕೊಟ್ಟಿದ್ದರೆ ಪೋಸ್ಟ್‌ನಲ್ಲಿ ಅದು ಕಾಣಲೇಬೇಕು, ಹಲವು ದೇಶಗಳಲ್ಲಿ ಇದು ನಿಯಮ.

ಎಡವಟ್ಟಾದ ದಿನ

2017ರ ಏಪ್ರಿಲ್‌ನಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನದಿಂದ ಒಬ್ಬ ಪ್ರಯಾಣಿಕರನ್ನು ಎಳೆದೊಯ್ಯುವ ವಿಡಿಯೊ ಹರಿದಾಡಿತು. ಸಿಇಒ ಮೊದಲ ಹೇಳಿಕೆಯಲ್ಲಿ ಕ್ಷಮೆ ಕೇಳಿದ್ದು ಪ್ರಯಾಣಿಕರಿಗೆ ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದಿದ್ದಕ್ಕೆ. ಜನ ಕಣ್ಣಾರೆ ನೋಡಿದ್ದು ಒಂದು, ಅವರು ಹೇಳಿದ್ದು ಇನ್ನೊಂದು. ಸಿಟ್ಟು ಇನ್ನೂ ಜಾಸ್ತಿಯಾಯಿತು, ಮರುದಿನ ಸರಿಯಾಗಿ ಕ್ಷಮೆ ಕೇಳಬೇಕಾಯಿತು. 2018ರಲ್ಲಿ ಬ್ರಿಟನ್‌ನ ಕೆಎಫ್‌ಸಿಯಲ್ಲಿ ಚಿಕನ್ನೇ ಖಾಲಿಯಾಗಿ ನೂರಾರು ಮಳಿಗೆಗಳು ಬಾಗಿಲು ಹಾಕಿದವು. ಅವರು ಖಾಲಿ ಬಕೆಟ್ ಚಿತ್ರದೊಂದಿಗೆ, ತಮ್ಮ ಹೆಸರಿನ ಅಕ್ಷರಗಳನ್ನೇ ಇಂಗ್ಲಿಷ್ ಬೈಗುಳದಂತೆ ಕಾಣುವ ‘ಎಫ್‌ಸಿಕೆ’ ಎಂದು ಅದಲುಬದಲು ಮಾಡಿ ಪತ್ರಿಕೆಗಳಲ್ಲಿ ಪೂರ್ತಿ ಪುಟದ ಕ್ಷಮೆಯಾಚನೆ ಹಾಕಿದರು. ಜನ ನಕ್ಕರು, ಮೆಚ್ಚಿದರು. ಯಾರಿಗಾದರೂ ಗಾಯವಾದಾಗ ಇಂಥ ತಮಾಷೆ ನಡೆಯುವುದಿಲ್ಲ, ಅದು ಬೇರೆ ಮಾತು.

ಇಂಥ ದಿನ ಮೊದಲು ಮಾಡಬೇಕಾದ್ದು ಹೇಳಿಕೆ ಬರೆಯುವುದಲ್ಲ, ಶೆಡ್ಯೂಲ್ ಮಾಡಿಟ್ಟ ಪೋಸ್ಟ್‌ಗಳನ್ನೆಲ್ಲ ನಿಲ್ಲಿಸುವುದು. ಆಮೇಲೆ ಮೂರೇ ವಾಕ್ಯ: ‘ಬೆಳಿಗ್ಗೆಯಿಂದ ಆ್ಯಪ್ ನಿಂತಿರುವುದು ನಿಜ. ಕಾರಣ ಹುಡುಕುತ್ತಿದ್ದೇವೆ. ಮುಂದಿನ ಮಾಹಿತಿ 12 ಗಂಟೆಗೆ ಇಲ್ಲೇ ಕೊಡುತ್ತೇವೆ.’ 12ಕ್ಕೆ ಹೊಸದೇನೂ ಇಲ್ಲದಿದ್ದರೆ ‘ಹೊಸದೇನೂ ಇಲ್ಲ’ ಅಂತಲಾದರೂ ಬರೆಯಬೇಕು, ಸುಮ್ನೆ ಇರಬಾರದು.

ಲೆಕ್ಕ ಇಡಿ

ರೀಚ್ ಎಂದರೆ ಎಷ್ಟು ಜನ ನೋಡಿದರು, ಇಂಪ್ರೆಷನ್ ಎಂದರೆ ಒಟ್ಟು ಎಷ್ಟು ಸಲ ಕಾಣಿಸಿತು. ಇವೆರಡನ್ನೂ ಕಲಸಿ ವರದಿ ಕೊಡುವವರು ಬಹಳ ಇದ್ದಾರೆ. ಪತ್ರಿಕೆಯಲ್ಲಿ ಬಂದ ಸುದ್ದಿಯ ಅಳತೆಗೆ ಜಾಹೀರಾತಿನ ದರ ಕಟ್ಟಿ ‘ಇಷ್ಟು ಲಕ್ಷದ ಪ್ರಚಾರ’ ಎನ್ನುವ ಹಳೇ ಪದ್ಧತಿಯನ್ನು ಪಿಆರ್ ಕೆಲಸವನ್ನು ಹೇಗೆ ಅಳೆಯಬೇಕು ಎಂದು ಈ ಕ್ಷೇತ್ರದವರೇ ಒಪ್ಪಿಕೊಂಡ 2010ರ ಬಾರ್ಸಿಲೋನಾ ತತ್ವಗಳು ತಳ್ಳಿಹಾಕಿವೆ. ಆದರೂ ಕೆಲವು ಕಡೆ ಇನ್ನೂ ಕೇಳುತ್ತಾರೆ. ನೀವು ಪ್ರತಿ ಲಿಂಕ್‌ಗೂ ಯುಟಿಎಂ ಟ್ಯಾಗ್, ಅಂದರೆ ಜನ ಎಲ್ಲಿಂದ ಬಂದರು ಎಂದು ತಿಳಿಸಲು ಲಿಂಕ್‌ನ ಕೊನೆಗೆ ಸೇರಿಸುವ ಗುರುತು ಹಾಕಿ: ಸೋರ್ಸ್ ಲಿಂಕ್ಡ್‌ಇನ್, ಮೀಡಿಯಂ ಸೋಷಿಯಲ್, ಕ್ಯಾಂಪೇನ್ ರೀಫಂಡ್. ಯಾವ ಪೋಸ್ಟ್‌ನಿಂದ ಎಷ್ಟು ಜನ ಬಂದರು, ಬಂದವರು ಏನು ಮಾಡಿದರು ಎಂದು ಗೂಗಲ್ ಅನಲಿಟಿಕ್ಸ್‌ನಲ್ಲಿ ನೋಡಬಹುದು. ರೀಫಂಡ್ ಬಗ್ಗೆ ಬರುತ್ತಿದ್ದ ಫೋನ್ ಕಡಿಮೆಯಾದವಾ? ಲೈಕ್‌ಗಿಂತ ಆ ಲೆಕ್ಕ ದೊಡ್ಡದು.

ಕೆಲಸಕ್ಕೆ ಅರ್ಜಿ ಹಾಕುವಾಗ ಇವನ್ನೆಲ್ಲ ಒಂದು ಪಿಡಿಎಫ್ ಮಾಡಿ: ಎರಡು ವಾರದ ಶೀಟ್, ಒಂದೇ ಸುದ್ದಿಯ ನಾಲ್ಕು ರೂಪ, ಮೂರು ವಾಕ್ಯದ ಹೇಳಿಕೆ. ಜೊತೆಗೆ ಎಲ್ಲರೂ ಹಿಂದೆ ಬಿದ್ದಿರುವ ಒಂದು ಟ್ರೆಂಡ್ ಆರಿಸಿ, ಈ ಸಂಸ್ಥೆಗೆ ಅದು ಏಕೆ ಬೇಡ ಅಂತ ಅರ್ಧ ಪುಟ ಬರೆಯಿರಿ. ಸ್ಕ್ರೀನ್‌ಶಾಟ್‌ಗಳಲ್ಲಿ ಜನಸಾಮಾನ್ಯರ ಹೆಸರು, ಫೋಟೊ ಇದ್ದರೆ ಕಳಿಸುವ ಮೊದಲು ಅಳಿಸಿ.